ಹವಳದ ನಡುವೆ ಲಂಗರು

ಹಾಯಿದೋಣಿಯಲ್ಲಿ ದ್ವೀಪ ಸುತ್ತುವುದು ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಹಾಯಿ ಉಬ್ಬಿಸಿಕೊಂಡು ಓಡುವ ದೋಣಿ. ನಿಜಕ್ಕೂ ಓಡಿದ ದಿನಗಳಿಗಿಂತ ಲಂಗರು ಹಾಕಿ ನಿಂತ ದಿನಗಳೇ ಜಾಸ್ತಿ. ಊಟ, ರಿಪೇರಿ, ನಿದ್ದೆ ಎಲ್ಲವೂ ಆ ಕಬ್ಬಿಣದ ತುಂಡನ್ನು ನಂಬಿಕೊಂಡು ನಡೆಯುತ್ತವೆ. ಅದನ್ನು ಸರಿಯಾಗಿ ಹಾಕುವುದನ್ನು ನಾನು ಮತ್ತು ನನ್ನ ಗಂಡ ಕಲಿತದ್ದು ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದಲ್ಲಿರುವ ಟುವಾಮೊಟು ದ್ವೀಪಗಳಲ್ಲಿ.

ಮಾರ್ಕೆಸಾಸ್ ದ್ವೀಪಗಳಿಂದ ಅಲ್ಲಿಗೆ ಸುಮಾರು 500 ನಾಟಿಕಲ್ ಮೈಲಿ. ನಮಗೆ ನಾಲ್ಕು ದಿನ ಹಿಡಿಯಿತು. ಮಾರ್ಕೆಸಾಸ್ ಅಂದರೆ ಎತ್ತರದ ಬೆಟ್ಟಗಳು, ದೂರದಿಂದಲೇ ಕಾಣುತ್ತವೆ. ಟುವಾಮೊಟು ಹಾಗಲ್ಲ. ಹವಳದ ಉಂಗುರಗಳು, ಮೇಲೆ ತೆಂಗಿನ ಮರಗಳು, ಅಷ್ಟೇ. ತೀರಾ ಹತ್ತಿರ ಬರುವ ತನಕ ಕಾಣುವುದೇ ಇಲ್ಲ.

ಉಂಗುರದ ಒಳಗೆ ಸರೋವರದ ಹಾಗಿರುವ ನೀರಿಗೆ ಲಗೂನ್ ಅನ್ನುತ್ತಾರೆ. ಅಲ್ಲಿಗೆ ಹೋಗಲು ಕಿರಿದಾದ ಬಾಯಿ ಇರುತ್ತದೆ. ಅದಕ್ಕೆ ಪಾಸ್ ಅನ್ನುತ್ತಾರೆ. ಹೊರಗಿನ ದೊಡ್ಡ ಅಲೆಗಳು ಹವಳದ ದಂಡೆ ಹಾರಿ ಒಳಗೆ ನೀರು ತುಂಬುತ್ತಲೇ ಇರುತ್ತವೆ. ಆ ನೀರೆಲ್ಲ ಈ ಬಾಯಿಯಿಂದಲೇ ಹೊರಗೆ ಬರಬೇಕಲ್ವಾ? ಅದಕ್ಕೇ ಭರತ ಇಳಿತದ ಪಟ್ಟಿಯೊಂದನ್ನೇ ನಂಬುವಂತಿಲ್ಲ. ಸೆಳೆತ ಐದಾರು ನಾಟ್ (ಗಂಟೆಗೆ ಐದಾರು ನಾಟಿಕಲ್ ಮೈಲಿ) ಇದ್ದರೆ ನಮ್ಮ ಎಂಜಿನ್ ಎಷ್ಟು ಓಡಿದರೂ ದೋಣಿ ನಿಂತಲ್ಲೇ ನಿಲ್ಲುತ್ತದೆ. ಹೊರಗೆ ಕಾದು, ನೀರು ಶಾಂತವಾದ ಮೇಲೆಯೇ ಒಳಗೆ ಹೋದೆವು.

ಒಳಗೆ ಬಂದ ಮೇಲೆ ಕೆಲಸವೆಲ್ಲ ಕಣ್ಣಿನದು. ಸೂರ್ಯ ನೆತ್ತಿಯ ಹತ್ತಿರ ಇರಬೇಕು, ಇಲ್ಲವೇ ಬೆನ್ನ ಹಿಂದೆ ಇರಬೇಕು. ಇವರು ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ದೋಣಿಯ ಮುಂದಿನ ತುದಿಯಲ್ಲಿ, ಅಂದರೆ ಮೂತಿಯಲ್ಲಿ ನಿಲ್ಲುತ್ತಾರೆ, ನಾನು ಚುಕ್ಕಾಣಿ ಹಿಡಿಯುತ್ತೇನೆ. ಕಡುನೀಲಿ ಇದ್ದರೆ ಆಳ, ತಿಳಿಹಸಿರು ಇದ್ದರೆ ಮರಳು, ಕಂದು ಬಣ್ಣ ಕಂಡರೆ ಹವಳದ ಗುಡ್ಡ ಮೇಲಕ್ಕೇ ಬಂದಿದೆ ಅಂತ ಅರ್ಥ. ಗಾಳಿಯಲ್ಲಿ ಕೂಗಿದ್ದು ಕೇಳಿಸುವುದಿಲ್ಲ, ಅದಕ್ಕೆ ಕೈಸನ್ನೆ.

ಮೊದಲ ಸಲ ಹನ್ನೆರಡು ಮೀಟರ್ ಆಳದಲ್ಲಿ ಮರಳು ನೋಡಿಯೇ ಲಂಗರು ಬಿಟ್ಟೆವು. ಐವತ್ತು ಮೀಟರ್ ಸರಪಳಿ ಕೊಟ್ಟೆವು. ಎರಡನೇ ರಾತ್ರಿ ಗಾಳಿ ದಿಕ್ಕು ಬದಲಿಸಿತು, ದೋಣಿಯೂ ತಿರುಗಿತು. ದಿಂಬಿಗೆ ತಲೆ ಕೊಟ್ಟರೆ ಗರ್ರ್, ಗರ್ರ್ ಅಂತ ಹಲ್ಲು ಕಡಿದ ಹಾಗೆ ಸದ್ದು. ಆಮೇಲೆ ಒಂದು ಜಗ್ಗು, ಮೂತಿ ಕುಸಿದು ಎದ್ದಿತು. ರಾತ್ರಿಯಿಡೀ ಸರದಿಯಲ್ಲಿ ಎದ್ದು ಕೂತೆವು. ಬೆಳಿಗ್ಗೆ ಮುಳುಗಿ ನೋಡಿದರೆ ಸರಪಳಿ ಹವಳದ ಗುಡ್ಡಕ್ಕೆ ಒಂದೂವರೆ ಸುತ್ತು ಸುತ್ತಿಕೊಂಡಿತ್ತು. ಪಕ್ಕದಲ್ಲಿ ಮುರಿದು ಬಿದ್ದ ಬಿಳಿ ಚೂರುಗಳು. ಗುಂಡು ಗುಂಡಾದ ಹವಳದ ಬಂಡೆ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಅದನ್ನು ನೋಡಿ ಹೊಟ್ಟೆ ಉರಿಯಿತು. ಅಪಾಯದ ಹೆದರಿಕೆಗಿಂತ ಅದೇ ಜಾಸ್ತಿ ಕಾಡಿತು.

ಪಕ್ಕದ ದೋಣಿಯವರು ಉಪಾಯ ಹೇಳಿಕೊಟ್ಟರು. ಅಲ್ಲಿ ಮುತ್ತಿನ ಚಿಪ್ಪು ಸಾಕುವವರ ಗಟ್ಟಿ ಪ್ಲಾಸ್ಟಿಕ್ ತೇಲುಗುಂಡುಗಳು ದಡಕ್ಕೆ ಬಂದು ಬಿದ್ದಿರುತ್ತವೆ. ಮೂರು ಆರಿಸಿ ತಂದು, ಒಂದೊಂದಕ್ಕೂ ಕುಣಿಕೆ, ಕೊಕ್ಕೆ ಕಟ್ಟಿದೆವು. ಲಂಗರು ಮರಳಿಗೆ ಬಿದ್ದ ಮೇಲೆ ಮೊದಲ ಹದಿನೈದು ಮೀಟರ್ ಸರಪಳಿ ಸುಮ್ನೆ ತಳದಲ್ಲಿ ಮಲಗಬೇಕು, ಅದಕ್ಕೆ ಗುಂಡು ಕಟ್ಟಬಾರದು. ಎಂಜಿನ್ ಹಿಂದಕ್ಕೆ ಓಡಿಸಿ ಲಂಗರು ಕಚ್ಚಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಐದಾರು ಮೀಟರಿಗೊಂದು ಗುಂಡು ಸಿಕ್ಕಿಸುತ್ತಾ ಉಳಿದ ಸರಪಳಿ ಬಿಡಬೇಕು. ಅದು ಹವಳದ ತಲೆಗಿಂತ ಮೇಲೆ ತೂಗಾಡುತ್ತದೆ, ದೋಣಿ ಎತ್ತ ತಿರುಗಿದರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೂತಿಯ ಹತ್ತಿರ ಸರಪಳಿಗೆ ಹತ್ತು ಮೀಟರ್ ನೈಲಾನ್ ಹಗ್ಗ ಕಟ್ಟುತ್ತೇವೆ. ಜಗ್ಗನ್ನು ಅದು ಹೀರಿಕೊಳ್ಳುತ್ತದೆ.

ಉಳಿದ ಸಂಸಾರ ಬೇಗ ರೂಢಿಯಾಯಿತು. ಪಾತ್ರೆ ತೊಳೆಯಲು ಸಮುದ್ರದ ನೀರು, ಕೊನೆಗೆ ಒಂದು ಲೋಟ ಸಿಹಿನೀರು. ಮಳೆ ಬಂದರೆ ಟಾರ್ಪಾಲು ಕಟ್ಟಿ ಟ್ಯಾಂಕು ತುಂಬಿಸುವುದು. ನವೆಂಬರ್ ಹೊತ್ತಿಗೆ ಚಂಡಮಾರುತದ ಕಾಲ ಶುರುವಾಗುತ್ತದೆ, ಅಷ್ಟರೊಳಗೆ ಎಲ್ಲಿರಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ.

ಈಗಲೂ ಮಲಗಿದ ತಕ್ಷಣ ಕಿವಿ ಕೆಳಗೇ ಹೋಗುತ್ತದೆ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಚಟಪಟ ಅನ್ನುವುದು ಹವಳದಲ್ಲಿರುವ ಪುಟ್ಟ ಸೀಗಡಿಗಳ ಸದ್ದು. ಅದೊಂದೇ ಕೇಳಿಸಿದರೆ ದೀಪ ಆರಿಸುತ್ತೇನೆ.