ಹಲಸಿನ ಹಪ್ಪಳ, ಅಪ್ಪೆಮಿಡಿ ಮತ್ತು ನನ್ನ ವಾಟ್ಸಾಪ್ ಅಂಗಡಿ

ಶಿರಸಿ ಹತ್ತಿರದ ಹಳ್ಳಿ ನಮ್ಮದು. ನಾನು ಮಾಡಿ ಮಾರುವುದು ಎರಡೇ: ಹಲಸಿನ ಹಪ್ಪಳ, ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ. ಮೊದಲು ನೆಂಟರ ಚೀಲದಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಈಗ ಹೆಚ್ಚಿನ ವ್ಯಾಪಾರ ಫೋನಿನಲ್ಲೇ. ವೆಬ್‌ಸೈಟ್ ಇಲ್ಲ, ಬೇಕು ಅಂತ ಇದುವರೆಗೂ ಅನ್ನಿಸಿಲ್ಲ.

ಫೋಟೋ ಹಾಕುವ ಮೊದಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡೆ. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು. ನಾನು ಅರ್ಜಿ ಹಾಕಿದಾಗ ವರ್ಷದ ವಹಿವಾಟು 12 ಲಕ್ಷ ರೂಪಾಯಿ ಒಳಗಿದ್ದರೆ ಸಣ್ಣ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಕ್ಕೆಂದೇ ಇರುವ ಫಾಸ್ಕೋಸ್ ಜಾಲತಾಣದಲ್ಲಿ ನಾವೇ ಮಾಡಬಹುದು, ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ನೋಂದಣಿಯಾದಾಗ ಸಿಗುವ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರಲೇಬೇಕು. ನಾನು ಫೋಟೋದಲ್ಲೂ ಕಾಣುವ ಹಾಗೆ ಇಡುತ್ತೇನೆ. ನನ್ನ ಮುಖವನ್ನೇ ನೋಡದವರು ಮೊದಲೇ ದುಡ್ಡು ಕಳಿಸಬೇಕಲ್ವಾ?

ಆಮೇಲೆ ಬೇರೆ ಸಿಮ್ ತೆಗೆದುಕೊಂಡು ಅದಕ್ಕೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡೆ. ಉಚಿತ. ಮನೆಯ ನಂಬರಿಗೆ ಗಿರಾಕಿಗಳ ಮೆಸೇಜ್ ಬಂದರೆ ಮದುವೆ ಮನೆಯಲ್ಲೂ ನೆಮ್ಮದಿ ಇರುವುದಿಲ್ಲ. ಅದರಲ್ಲಿ ಕ್ಯಾಟಲಾಗ್ ಅಂತ ಇದೆ, ಅದೇ ನನ್ನ ಅಂಗಡಿ. ತೂಕ, ಬೆಲೆ ಎರಡನ್ನೂ ಬರೆದಿದ್ದೇನೆ. ‘ಬೆಲೆಗೆ ಮೆಸೇಜ್ ಮಾಡಿ’ ಅನ್ನುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ, ಇನ್ನು ಗಿರಾಕಿ ಯಾಕೆ ಕಾಯಬೇಕು? ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಬೆಳ್ಳುಳ್ಳಿ ಹಾಕಿದ್ದೀರಾ? ಖಾರ ಎಷ್ಟಿದೆ? ಎಷ್ಟು ದಿನ ಇಡಬಹುದು? ಕೊರಿಯರ್‌ಗೆ ಎಷ್ಟು? ಇವಕ್ಕೆ ಉತ್ತರ ‘ಕ್ವಿಕ್ ರಿಪ್ಲೈ’ಯಲ್ಲಿ ಬರೆದಿಟ್ಟಿದ್ದೇನೆ. ಹಿಟ್ಟು ಮೆತ್ತಿದ ಕೈಯಲ್ಲಿ ಟೈಪ್ ಮಾಡುವ ಗೋಳು ತಪ್ಪಿತು.

ಬ್ರಾಡ್‌ಕಾಸ್ಟ್ ಬಗ್ಗೆ, ಅಂದರೆ ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವುದರ ಬಗ್ಗೆ, ಒಂದು ಮಾತು. ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಮುಟ್ಟುತ್ತದೆ. ಅದಕ್ಕೇ ಪ್ರತಿ ಪಾರ್ಸೆಲ್ಲಿನಲ್ಲಿ ‘ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಹಪ್ಪಳ ಬಂದಾಗ ತಿಳಿಸುತ್ತೇವೆ’ ಅಂತ ಚೀಟಿ ಹಾಕುತ್ತೇನೆ. ಈ ವ್ಯಾಪಾರಕ್ಕೆ ಇದು ತುಂಬಾ ಮುಖ್ಯ. ಹಪ್ಪಳ ಒಣಗಬೇಕಾದರೆ ಬಿಸಿಲು ಬೇಕು, ಜೂನ್‌ನಲ್ಲಿ ಮಳೆ ಹಿಡಿದರೆ ಮುಗಿಯಿತು. ಅಷ್ಟರೊಳಗೆ ಒಣಗಿಸಿಟ್ಟಿದ್ದೇ ವರ್ಷದ ಮಾಲು. ಏಪ್ರಿಲ್‌ನಲ್ಲೇ ಮುಂಗಡ ಆರ್ಡರ್ ಬಂದುಬಿಟ್ಟರೆ ಎಷ್ಟು ಹಲಸಿನಕಾಯಿ ಕೊಯ್ಸಬೇಕು ಅಂತ ಗೊತ್ತಾಗುತ್ತದೆ. ಮಾಲು ಖಾಲಿಯಾದ ದಿನವೇ ಕ್ಯಾಟಲಾಗಿನಿಂದ ತೆಗೆಯುತ್ತೇನೆ.

ಇನ್‌ಸ್ಟಾಗ್ರಾಮ್‌ನಲ್ಲೂ ಇದ್ದೇನೆ. ಜನ ಜಾಸ್ತಿ ನೋಡುವುದು ಕೊಬ್ಬರಿ ಎಣ್ಣೆಯಲ್ಲಿ ಹಪ್ಪಳ ಅರಳುವ ವಿಡಿಯೋ. ಹಾಡು ಹಾಕುವುದಿಲ್ಲ, ಎಣ್ಣೆಯ ಸದ್ದೇ ಇರಲಿ ಅಂತ ಬಿಡುತ್ತೇನೆ. ಬೆಳಗಿನ ಹೊತ್ತು ಜಗಲಿಯ ಬೆಳಕು ಸಾಕು, ಫ್ಲ್ಯಾಶ್ ಹಾಕಿದರೆ ಉಪ್ಪಿನಕಾಯಿ ಕಪ್ಪಗೆ ಕಾಣುತ್ತದೆ. ಆದರೆ ಲೈಕ್ ಕೊಟ್ಟವರೆಲ್ಲ ಹಪ್ಪಳ ತಿನ್ನುವವರಲ್ಲ. ಕೊಳ್ಳುವವರು ಹೆಚ್ಚಾಗಿ ಈ ಕಡೆ ಅಜ್ಜಿಮನೆ ಇರುವವರು, ಈಗ ಬೆಂಗಳೂರು, ಪುಣೆಯಲ್ಲಿ ಇರುವವರು. ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ. ಅಪ್ಪೆಮಿಡಿಯ ಸೊನೆ ವಾಸನೆ ಅಂದರೆ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

‘ಹಲಸು ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಹಾಕು, ಚೆನ್ನಾಗಿ ಹೋಗುತ್ತದೆ’ ಅಂತ ಸಲಹೆ ಕೊಡುವವರಿದ್ದಾರೆ. ನಾನು ಹಾಕಿಲ್ಲ. ಎಣ್ಣೆಯಲ್ಲಿ ಕರಿದು ತಿನ್ನುವ ತಿಂಡಿಗೆ ಔಷಧಿಯ ಪಟ್ಟ ಕಟ್ಟುವುದು ಸುಳ್ಳು, ಕಾನೂನೂ ಒಪ್ಪುವುದಿಲ್ಲ.

ದುಡ್ಡಿನ ವಿಷಯ. ಯುಪಿಐ ಮುಂಗಡ ಮಾತ್ರ. ‘ಕಳಿಸಿದ್ದೇನೆ’ ಅಂತ ಸ್ಕ್ರೀನ್‌ಶಾಟ್ ತೋರಿಸಿದರೂ ಖಾತೆ ತೆಗೆದು ನೋಡುತ್ತೇನೆ, ಅಂಥ ಚಿತ್ರ ಯಾರು ಬೇಕಾದರೂ ಮಾಡಬಹುದು. ಇನ್ನು ಕೆಲವರು ದೊಡ್ಡ ಆರ್ಡರ್ ಹೇಳಿ, ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ನಿಮಗೆ ದುಡ್ಡು ಬರುತ್ತದೆ’ ಅನ್ನುತ್ತಾರೆ. ದುಡ್ಡು ಬರಲು ಪಿನ್ ಬೇಡವೇ ಬೇಡ. ಅಂಥ ನಂಬರನ್ನು ಅಲ್ಲೇ ಬ್ಲಾಕ್ ಮಾಡುತ್ತೇನೆ.