ಉಪ್ಪುನೀರಿನ ಅಕ್ವೇರಿಯಂ: ಮೊದಲು ಕಲ್ಲು, ಆಮೇಲೆ ಮೀನು

ಹೊಸ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ಸುಮ್ನೆ ಕೂರುವುದೇ ದೊಡ್ಡ ಕಷ್ಟ. ಗಾಜು ಫಳಫಳ ಅನ್ನುತ್ತಿದೆ, ನೀರು ತಿಳಿಯಾಗಿದೆ, ಕಲ್ಲು ಜೋಡಿಸಿ ಆಗಿದೆ. ಇನ್ನೇನು, ಮೀನು ಬಿಟ್ಟರಾಯಿತು ಅಲ್ವಾ? ಅಲ್ಲೇ ಎಡವುವುದು. ಮೀನಿನ ಮೈಯಿಂದ, ತಿನ್ನದೆ ಬಿಟ್ಟ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿರನ್ನು ಸುಡುತ್ತದೆ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಇಲ್ಲಿ ಅಮೋನಿಯಾದ ವಿಷ ಇನ್ನೂ ಜೋರು.

ಈ ಅಮೋನಿಯಾವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟೇನೂ ಅಪಾಯವಿಲ್ಲ, ನೀರು ಬದಲಿಸಿದರೆ ಇಳಿಯುತ್ತದೆ. ಈ ಎರಡೂ ಬಗೆಯ ಸೂಕ್ಷ್ಮಜೀವಿಗಳು ಟ್ಯಾಂಕಿನಲ್ಲಿ ಚೆನ್ನಾಗಿ ಬೇರೂರುವಂತೆ ಮಾಡುವ ಕೆಲಸವೇ ಸೈಕ್ಲಿಂಗ್. ಲೈವ್ ರಾಕ್ ಅಂದರೆ ಹಳೆಯ ಹವಳದ ಅಸ್ಥಿಯಿಂದಾದ, ತೂತು ತೂತಾದ ಸುಣ್ಣದ ಕಲ್ಲು. ಅದರ ಮೇಲ್ಮೈ ತುಂಬ ಈ ಸೂಕ್ಷ್ಮಜೀವಿಗಳು ಆಗಲೇ ಮನೆ ಮಾಡಿರುತ್ತವೆ. ಕಲ್ಲಿನ ಒಳಗೆ, ಆಮ್ಲಜನಕ ತಲುಪದ ಕಡೆ ಇರುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಗೆ ಬಿಡುತ್ತವೆ. ಹಾಗಾಗಿ ನಿಮ್ಮ ಕೆಲಸ ಅರ್ಧ ಆಗಿಯೇ ಬಂದಿರುತ್ತದೆ. ಅದನ್ನು ಕೆಡಿಸದಿದ್ದರೆ ಸಾಕು.

ನೀರು ಮೊದಲು

ನಲ್ಲಿ ನೀರನ್ನು ನೇರವಾಗಿ ಬಳಸಬೇಡಿ. ಅದರ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫಾಸ್ಫೇಟ್ ಇದ್ದರೆ ಪಾಚಿಗೆ ಹಬ್ಬ. ಕರಗಿದ ಲವಣಗಳನ್ನೂ ತೆಗೆದುಹಾಕುವ ಆರ್‌ಒ–ಡಿಐ ಫಿಲ್ಟರ್‌ನ ನೀರು ತೆಗೆದುಕೊಂಡು ಬೇರೆ ಡಬ್ಬದಲ್ಲಿ ಅಕ್ವೇರಿಯಂ ಉಪ್ಪು ಕದಡಿ. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಬೇಕಾಗುತ್ತದೆ. ಪಂಪ್ ಹಾಕಿ ಒಂದು ರಾತ್ರಿ ತಿರುಗಲು ಬಿಡಿ. ಆಮೇಲೆ ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿದರೆ ಸಾಂದ್ರತೆ 1.025ರ ಹತ್ತಿರ ಇರಬೇಕು. ಹೀಟರನ್ನು 25–26 ಡಿಗ್ರಿಗೆ ಇಡಿ. ಟ್ಯಾಂಕಿನ ನೀರು ಆವಿಯಾಗಿ ಇಳಿದಾಗ ಸಿಹಿನೀರನ್ನೇ ಸುರಿಯಿರಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ.

ಕಲ್ಲು ಬಂದ ದಿನ

ಮೊದಲು ಮೂಸಿ ನೋಡಿ. ಒಳ್ಳೆಯ ಲೈವ್ ರಾಕ್ ಕಡಲತೀರದ ವಾಸನೆ ಹೊಡೆಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ದಾರಿಯಲ್ಲಿ ಬಹಳಷ್ಟು ಜೀವ ಸತ್ತಿದೆ ಎಂದರ್ಥ. ಕಲ್ಲನ್ನು ತಿರುಗಿಸಿ ಅಡಿ ನೋಡಿ. ಸ್ಪಂಜು ಎಂಬ ಕಡಲಜೀವಿ ಸತ್ತಿದ್ದರೆ ಬೂದು ಬಣ್ಣಕ್ಕೆ ತಿರುಗಿ ಮೆತ್ತಗೆ ಲೋಳೆಯಾಗಿರುತ್ತದೆ, ಕೆಲವೊಮ್ಮೆ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಇದನ್ನೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಉಜ್ಜುವುದು ಉಪ್ಪುನೀರಿನಲ್ಲೇ. ನಲ್ಲಿಯ ಕೆಳಗೆ ಹಿಡಿದರೆ ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾಕ್ಕೆ ನೀವೇ ಕೊನೆ ಹಾಡಿದಂತೆ.

ಕೈಗವಸು ಕಡ್ಡಾಯ. ಕಲ್ಲಿನ ಸಂದಿನಲ್ಲಿ ಬ್ರಿಸಲ್ ವರ್ಮ್ ಎಂಬ ರೋಮದ ಹುಳುಗಳು ಇರುತ್ತವೆ, ಅವುಗಳ ರೋಮ ಚರ್ಮಕ್ಕೆ ಚುಚ್ಚಿದರೆ ದಿನಗಟ್ಟಲೆ ಉರಿ. ಹುಳು ಬಿದ್ದಿದೆ ಅಂತ ಕಲ್ಲನ್ನು ಕುದಿಸುವ ಯೋಚನೆ ಮಾತ್ರ ಬೇಡವೇ ಬೇಡ. ಪ್ಯಾಲಿಥೋವಾ ಎಂಬ ಜೀವಿ ಕಲ್ಲಿಗೆ ಅಂಟಿದ್ದರೆ ಅದರ ಪ್ಯಾಲಿಟಾಕ್ಸಿನ್ ವಿಷ ಹಬೆಯ ಜೊತೆ ಮನೆ ತುಂಬುತ್ತದೆ. ಹೀಗೆ ಮಾಡಿ ಆಸ್ಪತ್ರೆ ಸೇರಿದವರಿದ್ದಾರೆ. ಅಂದಹಾಗೆ ಬ್ರಿಸಲ್ ವರ್ಮ್ ಕೆಟ್ಟದ್ದಲ್ಲ, ಕಸ ತಿಂದು ಬದುಕುತ್ತದೆ. ತೆಗೆಯಬೇಕಾದ್ದು ಏಪ್ಟೇಸಿಯಾ ಎಂಬ ಕಂದು, ಪಾರದರ್ಶಕ ಹೂವಿನಂಥ ಜೀವಿ. ಒಂದಿದ್ದದ್ದು ನೋಡನೋಡುತ್ತಲೇ ನೂರಾಗುತ್ತದೆ.

ಕಲ್ಲನ್ನು ಟ್ಯಾಂಕಿನ ತಳದ ಮೇಲೆ ಅಲುಗಾಡದಂತೆ ಕೂರಿಸಿ, ಮರಳು ಆಮೇಲೆ ಹಾಕಿ. ಮರಳಿನ ಮೇಲೆ ಇಟ್ಟರೆ ಮುಂದೊಂದು ದಿನ ಯಾವುದೋ ಮೀನು ಅಡಿಯಲ್ಲಿ ಬಿಲ ತೋಡಿ ಇಡೀ ರಾಶಿ ಗಾಜಿನ ಮೇಲೆ ಉರುಳುತ್ತದೆ. ಹಿಂದಿನ ಗಾಜಿಗೂ ಕಲ್ಲಿಗೂ ನಡುವೆ ಕೈ ಹೋಗುವಷ್ಟು ಜಾಗ ಇರಲಿ. ನೀರು ಎಲ್ಲ ಕಡೆ ಹರಿಯಬೇಕು.

ಹವಳದ ಕಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಹಿಡಿತದಲ್ಲಿದೆ. ಆದ್ದರಿಂದ ಕಲ್ಲು ಎಲ್ಲಿಂದ ಬಂತು ಅಂತ ಕೇಳಿಯೇ ಕೊಳ್ಳಿ. ಅನುಮಾನವಿದ್ದರೆ ಒಣ ಕಲ್ಲು ತಂದು, ಹಳೆಯ ಆರೋಗ್ಯವಾದ ಟ್ಯಾಂಕಿನ ಒಂದು ತುಂಡು ಕಲ್ಲನ್ನು ಅದರ ಪಕ್ಕ ಇಟ್ಟರೂ ನಡೆಯುತ್ತದೆ. ತಡವಾಗುತ್ತದೆ, ಅಷ್ಟೇ.

ಕಾಯುವ ದಿನಗಳು

ಪವರ್‌ಹೆಡ್ (ನೀರು ತಿರುಗಿಸುವ ಪಂಪ್), ಹೀಟರ್, ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಸಾಧನ) ಹಗಲೂ ರಾತ್ರಿ ಓಡಲಿ. ಹವಳಕ್ಕೆಂದು ತಂದ ಜೋರು ದೀಪ ಈಗ ಬೇಡ, ಪಾಚಿಗಷ್ಟೇ ಲಾಭ.

ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿ ಬರೆದಿಡಿ. ಅಮೋನಿಯಾಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಹನಿ ಕಿಟ್‌ನಲ್ಲಿ ಹಳದಿ ಅಂದರೆ ಸೊನ್ನೆ, ಹಸಿರು ಏರಿದಷ್ಟೂ ಅಮೋನಿಯಾ ಜಾಸ್ತಿ. ಕೊಳವೆಯ ಹಿಂದೆ ಬಿಳಿ ಕಾಗದ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.

ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವ ಹೊತ್ತಿಗೆ ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಇಳಿಯುತ್ತದೆ. ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಸುಳ್ಳು ಲೆಕ್ಕ ಕೊಡುತ್ತದೆ, ಆಗ ಅದನ್ನು ನಂಬಬೇಡಿ. ಕಲ್ಲಿನ ಮೇಲೆ ಸತ್ತ ಜೀವ ತುಂಬ ಇದ್ದರೆ ಅಮೋನಿಯಾ ತಾನಾಗಿಯೇ ಬರುತ್ತದೆ, ಹೊರಗಿನಿಂದ ಏನೂ ಹಾಕಬೇಕಿಲ್ಲ. ಅದು ವಿಪರೀತ ಏರಿದರೆ ಸ್ವಲ್ಪ ನೀರು ಬದಲಿಸಿ, ಕಲ್ಲಿನಲ್ಲಿ ಉಳಿದಿರುವ ಜೀವಗಳಾದರೂ ಬದುಕಲಿ. ಸತ್ತ ಜೀವವೆಲ್ಲ ಕಳೆದು ಅಂಗಡಿಯಲ್ಲೇ ಪಳಗಿದ ಕಲ್ಲಾದರೆ ಅಮೋನಿಯಾ ಏರುವುದೇ ಕಾಣದಿರಬಹುದು.

ಮುಗಿಯಲು ಕೆಲವರಿಗೆ ಒಂದೆರಡು ವಾರ, ಕೆಲವರಿಗೆ ಆರು ವಾರ. ವಾರ ಎಣಿಸಿ ಮೀನು ಬಿಡುವವರನ್ನು ಕಂಡರೆ ನನಗೆ ಭಯ. ಕಲ್ಲು ಸಿದ್ಧವೋ ಇಲ್ಲವೋ ಅಂತ ಅದನ್ನೇ ಕೇಳಬಹುದು. ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎರಡು ಪಾಲು) ಏರಿಸಿ. ಮಾರನೇ ದಿನ ಅದೇ ಹೊತ್ತಿಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಿದ್ದರೆ ಸಿದ್ಧ. ಬಂದಿಲ್ಲವಾದರೆ ಇನ್ನಷ್ಟು ದಿನ ಬಿಡಿ. ಗಟ್ಟಿ ಮೀನು ಅಂತ ಡ್ಯಾಮ್ಸೆಲ್ ಬಿಟ್ಟು ಸೈಕ್ಲಿಂಗ್ ಮಾಡುವ ಹಳೆಯ ಪದ್ಧತಿ ಮೀನಿಗೆ ಹಿಂಸೆ. ಬದುಕಿಕೊಂಡರೆ ಆ ಜಗಳಗಂಟ ಮೀನನ್ನು ಮುಂದೆ ನೀವೇ ಹಿಡಿದು ಹೊರಗೆ ಹಾಕಬೇಕಾಗುತ್ತದೆ.

ಈ ನಡುವೆ ಗಾಜು, ಮರಳಿನ ಮೇಲೆ ಕಂದು ಪುಡಿ ಬಳಿದಂತೆ ಆದರೆ ಗಾಬರಿ ಬೇಡ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಹೊಸ ಟ್ಯಾಂಕುಗಳಲ್ಲಿ ಮಾಮೂಲಿ.

ಜೀವ ಬಿಡುವುದು

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ ನೀರಿನ ಮೂರನೇ ಒಂದು ಭಾಗ ಬದಲಿಸಿ. ನೈಟ್ರೇಟ್ ಆಗಲೂ ಜಾಸ್ತಿ ಇದ್ದರೆ ಇನ್ನೊಮ್ಮೆ. ಮೊದಲು ಕೆಲವು ಬಸವನಹುಳು, ಹರ್ಮಿಟ್ ಏಡಿ. ವಾರ ಕಳೆದು ಒಂದು ಚಿಕ್ಕ ಕ್ಲೌನ್ ಮೀನು. ಆಹಾರ ಕಡಿಮೆಯೇ ಇರಲಿ, ಮೊದಲ ಕೆಲವು ದಿನ ಅಮೋನಿಯಾ ಪರೀಕ್ಷೆ ಮುಂದುವರಿಸಿ. ಇನ್ನೊಂದು ಮೀನು ಬೇಕೆಂದರೆ ಮೊದಲು ಬೇರೆ ತೊಟ್ಟಿಯಲ್ಲಿ ಇಟ್ಟು ರೋಗ ಇಲ್ಲವೆಂದು ನೋಡಿ. ಔಷಧಿಯೂ ಅಲ್ಲೇ ಆಗಬೇಕು. ತಾಮ್ರ ಇರುವ ಔಷಧಿಯನ್ನು ಈ ಟ್ಯಾಂಕಿಗೆ ಹಾಕಿದರೆ ಏಡಿ, ಬಸವನಹುಳು ಸಾಯುತ್ತವೆ. ಕಲ್ಲು ಹೀರಿಕೊಂಡ ತಾಮ್ರವನ್ನು ಮತ್ತೆ ಪೂರ್ತಿ ತೆಗೆಯುವುದು ಬಹಳ ಕಷ್ಟ.