ಅಮೆರಿಕದ ಬಂಡಾಯ ಕಲೆಯನ್ನು ಸವಿಯಲು ಒಂದು ಕ್ರಮ

1950ರ ದಶಕದ ಅಮೆರಿಕದಲ್ಲಿ ಸಮಾಜದ ಕಟ್ಟುಪಾಡುಗಳ ವಿರುದ್ಧ ಬಂಡೆದ್ದ ಬೀಟ್ ಎಂಬ ಗುಂಪಿನ ಬರಹಗಾರರನ್ನೂ ಅವರ ಸುತ್ತಲಿನ ಕಲಾವಿದರನ್ನೂ ಅರಿಯಬಯಸುವವರು ಸಾಮಾನ್ಯವಾಗಿ ಜ್ಯಾಕ್ ಕೆರೊವಾಕ್ ಅವರ ಕಾದಂಬರಿಯನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಛಾಯಾಚಿತ್ರಗಳಿಂದ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ. ಅವರು ಯಾವ ಸಮಾಜದೊಂದಿಗೆ ಮುನಿಸಿಕೊಂಡಿದ್ದರೆಂಬುದು ಮೊದಲು ಕಣ್ಣಿಗೆ ಬಿದ್ದರೆ ಬರಹದ ಆವೇಶಕ್ಕೆ ಕಾರಣ ಹುಡುಕಬೇಕಾಗುವುದಿಲ್ಲ.

ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ರಾಬರ್ಟ್ ಫ್ರಾಂಕ್ 1955–56ರಲ್ಲಿ ಕಾರಿನಲ್ಲಿ ಅಮೆರಿಕ ಸುತ್ತಿ ಸುಮಾರು 27 ಸಾವಿರ ಚಿತ್ರಗಳನ್ನು ತೆಗೆದರು. ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಅವುಗಳಲ್ಲಿ 83ನ್ನಷ್ಟೇ ಆಯ್ದುಕೊಂಡರು. ಇಷ್ಟು ಕಟುವಾಗಿ ಆರಿಸಿ ಜೋಡಿಸಿದ ಪುಸ್ತಕವನ್ನು ಬಿಡಿ ಚಿತ್ರಗಳಾಗಿ ನೋಡಬಾರದು, ಪುಟದ ಅನುಕ್ರಮದಲ್ಲಿಯೇ ನೋಡಬೇಕು. ನ್ಯೂ ಆರ್ಲಿಯನ್ಸ್‌ನ ಟ್ರಾಮಿನ ಚಿತ್ರ ಬಂದಾಗ ಶೀರ್ಷಿಕೆಯನ್ನು ಓದದೆ ಕಿಟಕಿಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಗಮನಿಸಿ: ಗಾಜಿನ ಪ್ರತಿಫಲನದ ಹಿಂದೆ ಮುಖ ಮಸುಕಾದ ಬಿಳಿಯ ಗಂಡಸು, ಬಿಳಿಯ ಹೆಂಗಸು, ಇಬ್ಬರು ಬಿಳಿಯ ಮಕ್ಕಳು, ಆಮೇಲೆ ಕಪ್ಪು ಜನಾಂಗದ ಗಂಡಸು, ಕೊನೆಗೆ ಕಪ್ಪು ಹೆಂಗಸು. ವರ್ಣಭೇದದ ಇಡೀ ಕಟ್ಟಳೆ ಕುಳಿತ ಜಾಗಗಳಲ್ಲೇ ಇದೆ. ಛಾಯಾಗ್ರಾಹಕ ಬೇರೇನನ್ನೂ ಹೇಳಬೇಕಾಗಿಲ್ಲ. ಪುಸ್ತಕ ಮೊದಲು ಬಂದದ್ದು 1958ರಲ್ಲಿ, ಅದೂ ಪ್ಯಾರಿಸ್‌ನಲ್ಲಿ; ಮರುವರ್ಷದ ಅಮೆರಿಕನ್ ಆವೃತ್ತಿಗೆ ಮುನ್ನುಡಿ ಬರೆದವರು ಕೆರೊವಾಕ್.

ಅವರ ‘ಆನ್ ದಿ ರೋಡ್’ ಕಾದಂಬರಿಯನ್ನು ಓದುವಾಗ, ಅದನ್ನು ತಯಾರಿಯಿಲ್ಲದೆ ಒಂದೇ ಓಟದಲ್ಲಿ ಬರೆದು ಮುಗಿಸಿದರೆಂಬ ದಂತಕಥೆಯನ್ನು ಪಕ್ಕಕ್ಕಿಡಬೇಕು. 1951ರ ಏಪ್ರಿಲ್‌ನಲ್ಲಿ ಮೂರು ವಾರಗಳಲ್ಲಿ ಉದ್ದನೆಯ ಕಾಗದದ ಸುರುಳಿಯ ಮೇಲೆ ಟೈಪ್ ಮಾಡಿದ್ದು ನಿಜವೇ. ಆದರೆ ಅದರ ಹಿಂದೆ ವರ್ಷಗಳ ಟಿಪ್ಪಣಿಗಳಿದ್ದವು, 1957ರಲ್ಲಿ ಅಚ್ಚಾಗುವ ಮುನ್ನ ತಿದ್ದುಪಡಿಯೂ ನಡೆಯಿತು. (ಅದರಲ್ಲಿನ ಹೆಂಗಸರ ಚಿತ್ರಣ ಇಂದಿನ ಓದುಗರಿಗೆ ಕಿರಿಕಿರಿಯೆನಿಸಿದರೆ ಆ ಕಿರಿಕಿರಿ ನ್ಯಾಯವಾದದ್ದೇ.) ಬೀಟ್ ಕವಿ ಅಲೆನ್ ಗಿನ್ಸ್‌ಬರ್ಗ್ ಅವರ ‘ಹೌಲ್’ ಕವನವನ್ನಂತೂ ಮೌನವಾಗಿ ಓದಲೇಬೇಡಿ. ಒಂದು ಉಸಿರಿಗೆ ಒಂದು ಸಾಲು ಎಂಬ ಲೆಕ್ಕದಲ್ಲಿ ಗಟ್ಟಿಯಾಗಿ ಓದಿದರೆ ಸಾಲುಗಳೇಕೆ ಅಷ್ಟು ನೀಳವಾಗಿವೆ ಎಂಬುದು ಎದೆಗೇ ತಿಳಿಯುತ್ತದೆ. 1957ರಲ್ಲಿ ಅದರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದು, ಪ್ರಕಾಶಕರ ಪರವಾಗಿ ತೀರ್ಪು ಬಂತು.

ಸಂಗೀತಕ್ಕೆ ಹ್ಯಾರಿ ಸ್ಮಿತ್ ಎಂಬ ವಿಲಕ್ಷಣ ಸಂಗ್ರಾಹಕ 1952ರಲ್ಲಿ ಹೊರತಂದ ಅಮೆರಿಕನ್ ಜನಪದ ಸಂಗೀತದ ಸಂಕಲನವೊಂದೇ ಬಹುಕಾಲ ಸಾಕು. ಹಳೆಯ ಗ್ರಾಮೊಫೋನ್ ತಟ್ಟೆಗಳಿಂದ ಆಯ್ದ 84 ಮುದ್ರಿಕೆಗಳನ್ನು ಅವರು ಕಥನಗೀತೆ, ಸಾಮುದಾಯಿಕ ಸಂಗೀತ, ಹಾಡು ಎಂದು ವಿಂಗಡಿಸಿದರೇ ಹೊರತು ಗಾಯಕರ ಬಣ್ಣದ ಪ್ರಕಾರವಲ್ಲ. ತಟ್ಟೆ ಕಂಪನಿಗಳು ಬಿಳಿಯರ ಹಾಡು, ಕಪ್ಪು ಜನರ ಹಾಡು ಎಂದು ಪಟ್ಟಿ ಬೇರ್ಪಡಿಸಿ ಮಾರುತ್ತಿದ್ದ ಹಿನ್ನೆಲೆಯಲ್ಲಿ ಇದು ಸಣ್ಣ ಮಾತಲ್ಲ. ನೀವೂ ಮೊದಲು ಹಾಡುಗಾರರ ಪರಿಚಯವನ್ನು ಓದದೆ ಕೇಳಿ. ಮಿಸಿಸಿಪ್ಪಿ ಜಾನ್ ಹರ್ಟ್ ಹಾಡು ಬಂದಾಗ ದನಿಯನ್ನು ಬಿಟ್ಟು ಗಿಟಾರಿನ ಕಡೆಗೆ ಕಿವಿಗೊಡಿ: ಹೆಬ್ಬೆರಳು ಕೆಳಸ್ವರಗಳಲ್ಲಿ ತಾಳ ತಪ್ಪದೆ ನಡೆಯುತ್ತಿರುತ್ತದೆ, ಉಳಿದ ಬೆರಳುಗಳು ಮೇಲೆ ರಾಗ ನುಡಿಸುತ್ತವೆ. 1928ರಲ್ಲಿ ಹಾಡುಗಳನ್ನು ಧ್ವನಿಮುದ್ರಿಸಿ ಆಮೇಲೆ ಮರೆತುಹೋಗಿದ್ದ ಅವರನ್ನು ಹುಡುಕಿದವರಿಗೆ ಸುಳಿವು ಸಿಕ್ಕಿದ್ದು ಅವರ ಹಾಡಿನಲ್ಲೇ ಇದ್ದ ಅವಲಾನ್ ಎಂಬ ಊರಿನ ಹೆಸರಿನಿಂದ. 1963ರಲ್ಲಿ ಅವರು ಅಲ್ಲಿಯೇ ಸಿಕ್ಕರು.

ಇಷ್ಟಾದ ಮೇಲೆ 1959ರ ‘ಪುಲ್ ಮೈ ಡೈಸಿ’ ಎಂಬ ಕಿರುಚಿತ್ರವನ್ನು ನೋಡಿ. ನಿರ್ದೇಶಕರಲ್ಲಿ ಒಬ್ಬರು ಫ್ರಾಂಕ್, ನಿರೂಪಣೆಯ ದನಿ ಕೆರೊವಾಕ್ ಅವರದು, ಪರದೆಯ ಮೇಲೆ ಗಿನ್ಸ್‌ಬರ್ಗ್ ಇದ್ದಾರೆ; ಅದುವರೆಗೆ ಬೇರೆಬೇರೆಯಾಗಿ ಪರಿಚಯವಾದವರು ಒಂದೇ ಚಿತ್ರದಲ್ಲಿ ಒಟ್ಟುಗೂಡಿ ತಮಾಷೆ ಮಾಡಿಕೊಂಡಿರುವುದನ್ನು ಕಾಣಬಹುದು.